ಅಕ್ಕೋರ ಹೆಸರಿನ ಕಮಾನು ಬೇಡ, ಅವರು ಬರೆದ ರಿಜಿಸ್ಟರ್ ಉಳಿಸಿ

ಗೆ,
ನಮ್ಮ ತಾಲ್ಲೂಕಿನ ಮಾನ್ಯ ಕ್ಷೇತ್ರ ಶಿಕ್ಷಣಾಧಿಕಾರಿಗಳು,
ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ ಅಧ್ಯಕ್ಷರು ಮತ್ತು ಸದಸ್ಯರು,
ಹಾಗೂ ಅದೇ ಶಾಲೆಯಲ್ಲಿ ಕಲಿತ ಎಲ್ಲ ಹಳೆಯ ವಿದ್ಯಾರ್ಥಿಗಳಿಗೆ

ವಿಷಯ: ಶಾಲೆಯ ಹಳೆಯ ದಾಖಲಾತಿ ರಿಜಿಸ್ಟರ್‌ಗಳನ್ನು ಕೂಡಲೇ ಕಾಪಾಡುವಂತೆ ಮನವಿ

ಮಾನ್ಯರೇ,

ಈ ಶಾಲೆಯಲ್ಲಿ ಶಿಕ್ಷಕಿಯಾಗಿದ್ದ ನಮ್ಮ ಅಜ್ಜಿ, ಊರಿಗೆಲ್ಲ ಅಕ್ಕೋರು, ಹೋದ ಚಳಿಗಾಲದಲ್ಲಿ ತೀರಿಕೊಂಡರು. ಅವರ ನೆನಪಿಗೆ ಶಾಲೆಯ ಮುಂದೆ ಒಂದು ಕಮಾನು ಕಟ್ಟಿಸಬೇಕು, ಅದರ ಮೇಲೆ ಅವರ ಹೆಸರು ಕೆತ್ತಿಸಬೇಕು ಎಂದು ಹಳೆಯ ವಿದ್ಯಾರ್ಥಿಗಳು ಹಣ ಕೂಡಿಸುತ್ತಿದ್ದೀರಿ. ನಿಮ್ಮ ಪ್ರೀತಿ ದೊಡ್ಡದು. ಅದಕ್ಕೆ ನಮ್ಮ ಮನೆಯವರೆಲ್ಲ ಕೈಮುಗಿಯುತ್ತೇವೆ. ಆದರೆ ಕಮಾನಿನ ಕೆಲಸ ಶುರುವಾಗುವ ಮೊದಲು ನಾನು ಕಣ್ಣಾರೆ ಕಂಡದ್ದನ್ನು ನಿಮ್ಮ ಮುಂದೆ ಇಡಬೇಕಾಗಿದೆ. ಊರಿನ ಹೆಸರು, ಶಾಲೆಯ ಹೆಸರು, ಯಾವ ಶಿಕ್ಷಕರ ಹೆಸರನ್ನೂ ಇಲ್ಲಿ ಬರೆದಿಲ್ಲ. ಯಾರನ್ನೂ ತಲೆತಗ್ಗಿಸುವಂತೆ ಮಾಡುವುದು ನನ್ನ ಉದ್ದೇಶವಲ್ಲ. ವಿವರಗಳೆಲ್ಲ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಕೊಟ್ಟ ಅರ್ಜಿಯಲ್ಲಿವೆ.

ಶಾಲೆಯ ಹಳೆಯ ಎರಡು ಕೋಣೆಗಳನ್ನು ಕೆಡವಿ ಹೊಸದು ಕಟ್ಟುತ್ತಿದ್ದಾರೆ. ಸಂತೋಷ. ಆ ಕೋಣೆಯ ಗೂಡಿನಲ್ಲಿದ್ದ ದಾಖಲಾತಿ ರಿಜಿಸ್ಟರ್, ಹಾಜರಿ ಪುಸ್ತಕ ಎಲ್ಲವನ್ನೂ ಗೊಬ್ಬರದ ಚೀಲಗಳಲ್ಲಿ ತುಂಬಿ ಅಡುಗೆ ಕೋಣೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಒಟ್ಟಿದ್ದಾರೆ. ಚೀಲಗಳು ನೆಲಕ್ಕೇ ತಾಗಿವೆ. ಗೋಡೆಯ ಕಡೆಯ ಚೀಲಕ್ಕೆ ಗೆದ್ದಲು ಹಿಡಿದಿದೆ. 1967ರಿಂದ ಶುರುವಾಗುವ ರಿಜಿಸ್ಟರ್ ಅದರಲ್ಲೇ ಇತ್ತು. ರಟ್ಟು ಹೋಗಿದೆ, ಮೊದಲ ಕೆಲವು ಹಾಳೆಗಳ ಅಂಚು ಹೋಗಿದೆ. ಒಳಗಿನ ಹಾಳೆಗಳು ಇನ್ನೂ ಚೆನ್ನಾಗಿವೆ. ಅಜ್ಜಿಯ ಕೈಬರಹ ಸ್ಪಷ್ಟವಾಗಿ ಓದಬಹುದು. ಇನ್ನೊಂದು ಮಳೆಗಾಲ ಕಳೆದರೆ ಓದಲು ಏನೂ ಉಳಿಯುವುದಿಲ್ಲ.

ನಾನು ಆ ಶೆಡ್ಡಿಗೆ ಹೋದದ್ದು ಅಜ್ಜಿಯ ಅಕ್ಷರ ನೋಡುವ ಆಸೆಯಿಂದಲ್ಲ. ಅವರ ಹಳೆಯ ವಿದ್ಯಾರ್ಥಿನಿಯೊಬ್ಬರು ನಮ್ಮ ಮನೆಗೆ ಬಂದು ಅತ್ತಿದ್ದರು. ಅವರಿಗೆ 60 ದಾಟಿದೆ. ವೃದ್ಧಾಪ್ಯ ವೇತನಕ್ಕೆ ಅರ್ಜಿ ಹಾಕಿದ್ದಾರೆ. ಆಧಾರ್ ಮಾಡಿಸುವಾಗ ಯಾರೋ ಅಂದಾಜಿನ ಮೇಲೆ ಜನವರಿ 1 ಎಂದು, ಇಸವಿಯನ್ನೂ ಐದಾರು ವರ್ಷ ಹೆಚ್ಚುಕಡಿಮೆ ಮಾಡಿ ಬರೆಸಿಬಿಟ್ಟಿದ್ದಾರೆ. ಕಾಗದದ ಪ್ರಕಾರ ಅವರಿಗೆ ಇನ್ನೂ ವಯಸ್ಸಾಗಿಲ್ಲ. ತಿದ್ದಬೇಕಾದರೆ ಶಾಲೆಯ ದಾಖಲೆ ತನ್ನಿ ಎಂದರು. ಅವರು ಕಲಿತದ್ದು ನಾಲ್ಕನೇ ತರಗತಿವರೆಗೆ ಮಾತ್ರ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಎಲ್ಲಿಂದ ಬರಬೇಕು? ಶಾಲೆಗೆ ಹೋಗಿ ಕೇಳಿದರೆ ‘ಹಳೆಯ ದಾಖಲೆ ಲಭ್ಯವಿಲ್ಲ’ ಎಂದು ಬರೆದು, ಸೀಲು ಒತ್ತಿ ಕೊಟ್ಟರು. “ಅಕ್ಕೋರು ನನ್ನ ಹೆಸರು ಬರದಿದ್ರವ್ವಾ, ನಾನ ಮುಂದ ನಿಂತು ನೋಡೇನಿ” ಎಂದು ಅವರು ಹೇಳುತ್ತಲೇ ಇದ್ದರು.

ಅವರ ಮಾತು ನಿಜವಾಗಿತ್ತು. ಎಸ್‌ಡಿಎಂಸಿಯ ಒಬ್ಬ ಸದಸ್ಯರನ್ನು ಕರೆದುಕೊಂಡು ಹೋಗಿ ಚೀಲ ಬಿಚ್ಚಿದಾಗ ಅವರ ಹೆಸರು ಸಿಕ್ಕಿತು. ಹೆಸರು, ತಂದೆಯ ಹೆಸರು, ಅಡ್ಡಹೆಸರು, ಹುಟ್ಟಿದ ದಿನ, ಸೇರಿದ ದಿನ, ಬಿಟ್ಟ ದಿನ ಎಲ್ಲವೂ ಇದ್ದವು. ದಾಖಲೆ ಲಭ್ಯವಿಲ್ಲ ಎಂದು ಬರೆದುಕೊಟ್ಟ ದಿನವೂ ಅದು ಆ ಶೆಡ್ಡಿನಲ್ಲೇ ಇತ್ತು. ಯಾರೂ ಹುಡುಕಿರಲಿಲ್ಲ, ಅಷ್ಟೇ. ನನ್ನ ದೂರು ಇದು.

ಈಗಿನ ಶಿಕ್ಷಕರ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ನಾನು ಶಿಕ್ಷಕಿಯ ಮನೆಯಲ್ಲೇ ಬೆಳೆದವಳು. ಬಿಸಿಯೂಟ, ಹಾಲು, ಮೊಟ್ಟೆಯ ಲೆಕ್ಕ, ಮೊಬೈಲ್‌ನಲ್ಲಿ ತುಂಬುವ ಮಾಹಿತಿ, ಚುನಾವಣೆ ಕೆಲಸ, ಇವುಗಳ ನಡುವೆ ಪಾಠ. ಇರುವುದು ಕೆಲವೇ ಜನ. ಹಳೆಯ ಚೀಲ ಬಿಚ್ಚಿ ಒಂದು ಹೆಸರು ಹುಡುಕಲು ಅವರಿಗೆ ಸಮಯ ಎಲ್ಲಿದೆ? ಅದಕ್ಕೇ ಇದನ್ನು ಒಬ್ಬ ಮುಖ್ಯಶಿಕ್ಷಕರ ತಪ್ಪು ಎಂದು ನಾನು ಬರೆಯುತ್ತಿಲ್ಲ. ಇದಕ್ಕೆ ಒಂದು ವ್ಯವಸ್ಥೆಯೇ ಇಲ್ಲ. ಆ ವ್ಯವಸ್ಥೆ ಮಾಡುವ ಅಧಿಕಾರ ಇರುವುದು ನಿಮ್ಮ ಕೈಯಲ್ಲಿ.

ಈ ರಿಜಿಸ್ಟರ್‌ಗಳ ಬೆಲೆ ತಿಳಿಯಬೇಕಾದರೆ ಅವುಗಳನ್ನು ಬರೆದವರ ಬಗ್ಗೆ ಸ್ವಲ್ಪ ಹೇಳಬೇಕು.

ಅಜ್ಜಿ ಹುಟ್ಟಿದ್ದು 1941ರಲ್ಲಿ. ಆಗ ನಮ್ಮ ಸೀಮೆ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. ಏಕೀಕರಣವಾದಾಗ ಅವರಿಗೆ 15 ವರ್ಷ. ಆಗಿನ ಮುಲ್ಕಿ ಪರೀಕ್ಷೆ ಪಾಸಾಗಿ, ಧಾರವಾಡದಲ್ಲಿ ಟ್ರೇನಿಂಗ್ ಮುಗಿಸಿ, 1962ರಲ್ಲಿ ನೌಕರಿಗೆ ಸೇರಿದರು. ಮಲಪ್ರಭೆಯ ದಂಡೆಯ ಈ ಊರಿಗೆ ಬಂದದ್ದು 1967ರಲ್ಲಿ. 1999ರಲ್ಲಿ, 58 ತುಂಬಿದಾಗ, ಇಲ್ಲಿಂದಲೇ ನಿವೃತ್ತರಾದರು. ಆಮೇಲೂ ಊರು ಬಿಡಲಿಲ್ಲ.

ಅವರು ಬಂದಾಗ ಒಂದನೇ ತರಗತಿಯಲ್ಲಿ ಹೆಣ್ಣುಮಕ್ಕಳು ಬೆರಳೆಣಿಕೆಯಷ್ಟು ಇದ್ದರಂತೆ. ಕಾರಣ ಅಜ್ಜಿಗೆ ಬೇಗ ಗೊತ್ತಾಯಿತು. ಏಳೆಂಟು ವರ್ಷದ ಹುಡುಗಿಯ ಕಂಕುಳಲ್ಲಿ ತಮ್ಮನೋ ತಂಗಿಯೋ ಇರುತ್ತಿತ್ತು. ತಾಯಿ ಹೊಲಕ್ಕೆ ಹೋದರೆ ಕೂಸನ್ನು ನೋಡುವವರು ಯಾರು? ಅಜ್ಜಿ ಶಾಲೆಯ ಪಡಸಾಲೆಯ ತೊಲೆಗೆ ತಮ್ಮ ಹಳೆಯ ಸೀರೆಯನ್ನು ಜೋಳಿಗೆ ಕಟ್ಟಿದರು. ಕೂಸನ್ನು ತಂದು ಅದರಲ್ಲಿ ಮಲಗಿಸಿ, ನೀನು ಒಳಗೆ ಬಂದು ಕೂತುಕೋ ಎಂದರು. ಜೋಳಿಗೆ ಒಂದಿದ್ದದ್ದು ಮೂರಾಯಿತು. ತಪಾಸಣೆಗೆ ಬಂದ ಸಾಹೇಬರು ಇದೇನು ಶಾಲೆಯೋ ಹೆರಿಗೆ ಆಸ್ಪತ್ರೆಯೋ ಎಂದು ಬೈದರಂತೆ. ಜೋಳಿಗೆ ಬಿಚ್ಚಲಿಲ್ಲ. ಸುಗ್ಗಿಯಲ್ಲಿ ಮಕ್ಕಳು ಬರುವುದಿಲ್ಲ ಎಂದು ಗೊತ್ತಿದ್ದರಿಂದ ಸಂಜೆ ಅವರ ಮನೆಯ ಕಟ್ಟೆಯ ಮೇಲೆಯೇ ಲಾಟೀನು ಇಟ್ಟು ಕೂರಿಸುತ್ತಿದ್ದರು. ಹುಣಸೆ ಬೀಜದಿಂದ ಲೆಕ್ಕ, ಉಸುಕಿನ ಮೇಲೆ ಬೆರಳಿನಿಂದ ಅಕ್ಷರ. ಪಾಟಿ ಎಲ್ಲರ ಹತ್ತಿರ ಇರಲಿಲ್ಲ. ಆ ದಿನಗಳಲ್ಲಿ ಕೇರ್ ಸಂಸ್ಥೆಯ ನೆರವಿನ ಉಪ್ಪಿಟ್ಟು, ಹಾಲಿನ ಪುಡಿ ಬರುತ್ತಿತ್ತು. ಒಲೆ ಹಚ್ಚುವುದೂ ಅಕ್ಕೋರ ಕೆಲಸವೇ.

ಇದೆಲ್ಲ ನಿಮಗೆ ನೆನಪಿದೆ. ರಿಜಿಸ್ಟರ್ ಬರೆಯುವಾಗ ಅವರು ಪಡುತ್ತಿದ್ದ ಶ್ರಮ ಮಾತ್ರ ಬಹಳ ಜನರಿಗೆ ಗೊತ್ತಿರಲಿಕ್ಕಿಲ್ಲ.

ನಮ್ಮ ಕಡೆಯ 50 ದಾಟಿದವರನ್ನು ಹುಟ್ಟಿದ ದಿನ ಕೇಳಿ. ಎಷ್ಟೋ ಜನ ಜೂನ್ 1 ಎನ್ನುತ್ತಾರೆ. ಶಾಲೆ ಶುರುವಾಗುವುದು ಜೂನ್‌ನಲ್ಲಿ. ಮಗುವಿಗೆ ವಯಸ್ಸು ತುಂಬಿರಬೇಕು. ತಾಯಿಗೆ ತಾರೀಖು ಗೊತ್ತಿಲ್ಲ. ಮಾಸ್ತರರು ಜೂನ್ 1 ಎಂದು ಬರೆದು ಮುಗಿಸುತ್ತಿದ್ದರು. ಅಜ್ಜಿಗೆ ಇದು ಒಪ್ಪಿಗೆಯಾಗುತ್ತಿರಲಿಲ್ಲ. ದಾಖಲಾತಿ ದಿನ ತಾಯಂದಿರನ್ನು ಕೂರಿಸಿಕೊಂಡು ಕೇಳುತ್ತಿದ್ದರು. ಕಾರ ಹುಣ್ಣಿಮೆ ಆಗಿತ್ತಾ? ಪಂಚಮಿಗೆ ಎಷ್ಟು ದಿನ ಇತ್ತು? ಸೀಗೆ ಹುಣ್ಣಿಮೆಗೆ ಹೊಟ್ಟೆ ಎಷ್ಟಿತ್ತು? ಯಾರ ಮನೆ ಮದುವೆ ಆ ವರ್ಷ? ಯಲ್ಲಮ್ಮನ ಜಾತ್ರೆಗೆ ಹೋಗಿದ್ದಿರಾ? ಮನೆಯಲ್ಲಿ ಹಳೆಯ ಪಂಚಾಂಗಗಳ ಕಟ್ಟು ಇಟ್ಟಿದ್ದರು. ರಾತ್ರಿ ಅವುಗಳನ್ನು ತೆರೆದು ತಾರೀಖು ಕಂಡುಹಿಡಿಯುತ್ತಿದ್ದರು. ಮರುದಿನ ಶಾಯಿಯಲ್ಲಿ ಬರೆಯುತ್ತಿದ್ದರು. ಸುಮ್ನೆ ಒಂದು ತಾರೀಖು ಬರೆದರೆ ಏನಾಗುತ್ತಿತ್ತು ಎಂದು ನಾನು ಚಿಕ್ಕವಳಿದ್ದಾಗ ಕೇಳಿದ್ದೆ. “ಅದು ಆ ಕೂಸಿನ ದಿನ. ನಂದಲ್ಲ, ಬೇಕಾದ್ಹಂಗ ಬರೀಲಿಕ್ಕೆ” ಎಂದಿದ್ದರು.

ಶಾಲೆ ಬಿಟ್ಟ ಕಾರಣ ಎಂಬ ಅಂಕಣವೂ ಹಾಗೆಯೇ. ಸಾಮಾನ್ಯವಾಗಿ ಅಲ್ಲಿ ‘ಸತತ ಗೈರುಹಾಜರಿ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಅಜ್ಜಿ ನಿಜವಾದ ಕಾರಣ ಬರೆದಿದ್ದಾರೆ. 1972ರ ಬರಗಾಲದ ಪುಟ ತೆಗೆದು ನೋಡಿ. ‘ಕಲ್ಲು ಒಡೆಯುವ ಕಾಮಗಾರಿಗೆ ಹೋಗಿರುತ್ತಾಳೆ’, ‘ಮನೆಮಂದಿಯೆಲ್ಲ ದುಡಿಯಲು ಊರು ಬಿಟ್ಟಿದ್ದಾರೆ’ ಎಂದು ಸಾಲಾಗಿ ಇದೆ. ಅದೇ ಪುಟದ ಕೊನೆಯಲ್ಲಿ, ಮರುವರ್ಷ ತಿರುಗಿ ಬಂದ ಮಕ್ಕಳ ಹೆಸರು ಕೆಂಪು ಶಾಯಿಯಲ್ಲಿದೆ. ನಮ್ಮೂರ ಬರಗಾಲದ ಇತಿಹಾಸ ಇಷ್ಟು ನಿಖರವಾಗಿ ಬೇರೆ ಎಲ್ಲಿದೆ?

ಇನ್ನು ‘ಮದುವೆ’ ಎಂದು ಬರೆದ ಸಾಲುಗಳು. ಹೆಣ್ಣಿನ ಮದುವೆ ವಯಸ್ಸನ್ನು 1978ರಲ್ಲಿ ಕಾನೂನು 18ಕ್ಕೆ ಏರಿಸಿತು. ಅದಾದ ಮೇಲೂ ಹನ್ನೆರಡು, ಹದಿಮೂರು ವರ್ಷದ ಹುಡುಗಿಯರ ಹೆಸರಿನ ಮುಂದೆ ಅಜ್ಜಿ ‘ಮದುವೆ’ ಎಂದು ಬರೆಯಬೇಕಾಯಿತು. ಊರಿನ ಹಿರಿಯರು ಮನೆಗೆ ಬಂದು ಅದನ್ನು ಅಳಿಸಿ ಬೇರೆ ಏನಾದರೂ ಬರೆಯಿರಿ ಎಂದು ಕೇಳಿದ್ದು ನಮ್ಮ ತಾಯಿಗೆ ನೆನಪಿದೆ. ಅಜ್ಜಿ ಅವರಿಗೆ ಚಹಾ ಕೊಟ್ಟರು. ರಿಜಿಸ್ಟರ್ ತೆರೆಯಲಿಲ್ಲ. ಮದುವೆಯನ್ನು ಅವರಿಂದ ಎಲ್ಲ ಸಲ ತಡೆಯಲಾಗಲಿಲ್ಲ. ಅದರ ನೋವು ಕೊನೆಯವರೆಗೂ ಇತ್ತು. ಆದರೆ ಆ ಹುಡುಗಿಗೆ ಆಗ ಎಷ್ಟು ವಯಸ್ಸು ಎಂಬುದನ್ನು ಯಾರೂ ಅಳಿಸದಂತೆ ಬರೆದಿಟ್ಟರು.

ತಂದೆಯ ಹೆಸರಿನ ಅಂಕಣದ ಬಗ್ಗೆಯೂ ಒಂದು ಮಾತು. ದೇವರ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ತಾಯಂದಿರು ನಮ್ಮ ಸೀಮೆಯಲ್ಲಿ ಬಹಳ ಜನ ಇದ್ದರು. ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಬಂದದ್ದು 1982ರಲ್ಲಿ. ಅದಕ್ಕೂ ಮೊದಲಿನಿಂದ ಆ ಮಕ್ಕಳು ಶಾಲೆಗೆ ಬಂದರೆ ಮೊದಲ ಪ್ರಶ್ನೆಯೇ ಅಪ್ಪ ಯಾರು ಎಂಬುದಾಗಿತ್ತು. ಅಜ್ಜಿ ಆ ಪ್ರಶ್ನೆ ಕೇಳಲಿಲ್ಲ. ಆ ಜಾಗದಲ್ಲಿ ತಾಯಿಯ ಹೆಸರು ಬರೆದರು. ಮೇಲಿನವರು ಆಕ್ಷೇಪ ಬರೆದದ್ದೂ ಪುಟದ ಬದಿಯಲ್ಲಿದೆ, ಅಜ್ಜಿ ಅದರ ಕೆಳಗೆ ‘ತಾಯಿಯೇ ಪಾಲಕರು’ ಎಂದು ಬರೆದು ಸಹಿ ಮಾಡಿದ್ದೂ ಇದೆ. ಅದನ್ನು ಓದಿದಾಗ ನನಗೆ ಆದ ಹೆಮ್ಮೆ ಇಲ್ಲಿ ಬರೆದು ತೋರಿಸಲಾರೆ.

2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಜಲಾಶಯದಿಂದ ನೀರು ಬಿಟ್ಟು ಮಲಪ್ರಭೆ ದಂಡೆ ಮೀರಿದಾಗ ಶಾಲೆಯೊಳಗೆ ಮೊಣಕಾಲು ಮಟ್ಟ ನೀರು ಬಂತು. ಅಜ್ಜಿಗೆ ಆಗ 78. ಪರಿಹಾರ ಕೇಂದ್ರದಲ್ಲಿ ಕೂತು ಅವರು ಕೇಳಿದ್ದು ನಮ್ಮ ಮನೆಯ ಸಾಮಾನನ್ನಲ್ಲ. ಶಾಲೆಯ ಕೆಳಗಿನ ಗೂಡು ನೆನೆಯಿತಾ ಎಂದು. ನೀರು ಇಳಿದ ಮೇಲೆ ಹುಡುಗರನ್ನು ಕರೆಸಿ, ರಿಜಿಸ್ಟರ್‌ಗಳನ್ನು ನಮ್ಮ ಮಾಳಿಗೆಗೆ ಹೊರಿಸಿದರು. ಹಾಳೆಗಳ ನಡುವೆ ಹಳೆಯ ಪತ್ರಿಕೆ ಇಟ್ಟು, ಬಿಸಿಲಿಗೆ ಹಾಕದೆ ಗಾಳಿಗೆ ಒಣಗಿಸಿ, ಬೇವಿನ ಸೊಪ್ಪು ಇಟ್ಟು ಕಟ್ಟಿ, ಶಾಲೆಗೆ ವಾಪಸ್ ಕೊಟ್ಟು ರಸೀದಿ ಬರೆಸಿಕೊಂಡರು. ನದಿಯಿಂದ ಉಳಿದ ಪುಸ್ತಕಗಳನ್ನು ನಾವು ಈಗ ಗೆದ್ದಲಿಗೆ ಕೊಟ್ಟಿದ್ದೇವೆ.

ಇವು ಬರೀ ನೆನಪಿನ ವಸ್ತುಗಳಾಗಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಜನನ ಪ್ರಮಾಣಪತ್ರವೇ ಮುಖ್ಯ ದಾಖಲೆ ಎಂದು ಕಾನೂನು ಬಂದಿದೆ. ಅದಕ್ಕೂ ಮೊದಲು ಹಳ್ಳಿಯ ಮನೆಗಳಲ್ಲಿ ಹುಟ್ಟಿದವರ ಗತಿ? ಅವರಲ್ಲಿ ಎಷ್ಟೋ ಜನರ ಜನನ ನೋಂದಣಿಯೇ ಆಗಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 94ನೇ ಕಲಂ ವಯಸ್ಸಿನ ಸಾಕ್ಷಿಯಾಗಿ ಮೊದಲು ನೋಡುವುದು ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರವನ್ನು. 2024ರ ಅಕ್ಟೋಬರ್‌ನಲ್ಲಿ ಒಂದು ಅಪಘಾತ ಪರಿಹಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಆಧಾರ್‌ನಲ್ಲಿದ್ದ ದಿನಾಂಕ ಬಿಟ್ಟು ಶಾಲೆ ಬಿಟ್ಟ ಪ್ರಮಾಣಪತ್ರದ ದಿನಾಂಕವನ್ನೇ ಒಪ್ಪಿತು. ಪಿಂಚಣಿಗೆ, ಜಾತಿ ಪ್ರಮಾಣಪತ್ರಕ್ಕೆ, ಪರಿಹಾರಕ್ಕೆ ಜನ ಕೊನೆಗೆ ಬಂದು ನಿಲ್ಲುವುದು ಶಾಲೆಯ ಬಾಗಿಲಲ್ಲೇ.

ಅದರಲ್ಲೂ ಹೆಣ್ಣುಮಕ್ಕಳ ಕಷ್ಟ ಜಾಸ್ತಿ. ಗಂಡಸರ ಹೆಸರು ಪಹಣಿಯಲ್ಲಿ ಇರುತ್ತದೆ, ಸಾಲದ ಪತ್ರದಲ್ಲಿ ಇರುತ್ತದೆ. ಹೆಣ್ಣುಮಗಳು ಮದುವೆಯಾಗಿ ಹೋದರೆ ಅಡ್ಡಹೆಸರು ಬದಲು, ಊರು ಬದಲು, ಕೆಲವು ಮನೆಗಳಲ್ಲಿ ಹೆಸರೇ ಬದಲು. ಮೂರನೆಯದೋ ನಾಲ್ಕನೆಯದೋ ಓದಿ ಬಿಟ್ಟವಳಿಗೆ ತವರಿನ ಹೆಸರಿನಲ್ಲಿ ಉಳಿದಿರುವ ಒಂದೇ ಒಂದು ಸರ್ಕಾರಿ ಬರಹ ಈ ರಿಜಿಸ್ಟರ್‌ನ ಒಂದು ಸಾಲು. 1991ರ ಜನಗಣತಿಯಲ್ಲಿ ಕರ್ನಾಟಕದ ಹೆಣ್ಣುಮಕ್ಕಳ ಸಾಕ್ಷರತೆ 44.34 ಶೇಕಡಾ. 2011ಕ್ಕೆ ಅದು 68.08. ಈ ಏರಿಕೆಯ ಹಿಂದೆ ಇಂಥ ಅಕ್ಕೋರುಗಳು ಊರೂರಿನಲ್ಲಿ ಇದ್ದರು. ಅವರು ಕರೆತಂದ ಹುಡುಗಿಯರ ಹೆಸರು ಇಂಥ ಚೀಲಗಳಲ್ಲಿದೆ.

ರಾಜ್ಯಕ್ಕೆ ಈ ಕೆಲಸ ಹೊಸದಲ್ಲ. ಭೂಮಿ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿ ದೇಶಕ್ಕೇ ತೋರಿಸಿದವರು ನಾವು. ಈಗ ಕಂದಾಯ ಇಲಾಖೆ ಭೂ ಸುರಕ್ಷಾ ಹೆಸರಿನಲ್ಲಿ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುತ್ತಿದೆ. ಇಂದಿನ ಮಕ್ಕಳ ವಿವರ ಶಿಕ್ಷಣ ಇಲಾಖೆಯ ಎಸ್‌ಎಟಿಎಸ್ ಎಂಬ ಕಂಪ್ಯೂಟರ್ ದಾಖಲೆಯಲ್ಲಿ ಭದ್ರವಾಗಿದೆ. ನೆಲಕ್ಕೆ ಸಿಕ್ಕ ಕಾಳಜಿ ಅದೇ ನೆಲದಲ್ಲಿ ದುಡಿದ ಹೆಣ್ಣುಮಕ್ಕಳ ಹೆಸರಿಗೂ ಸಿಗಬೇಕು ಅಲ್ವಾ?

ಹಾಗಾಗಿ ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟು. ಮೊದಲನೆಯದು, ಚೀಲಗಳನ್ನು ಆ ಶೆಡ್ಡಿನಿಂದ ಈ ವಾರವೇ ಎತ್ತಿಸಿ. ಗೆದ್ದಲು ಹಿಡಿದದ್ದನ್ನು ಬೇರೆ ಮಾಡಿ, ಉಳಿದವನ್ನು ಕಬ್ಬಿಣದ ಕಪಾಟಿನಲ್ಲಿ ಇಡಿ. ಆಮೇಲೆ ಪ್ರತಿ ಹಾಳೆಯನ್ನೂ ಸ್ಕ್ಯಾನ್ ಮಾಡಿಸಿ, ಒಂದು ಪ್ರತಿ ಶಾಲೆಯಲ್ಲಿ, ಒಂದು ನಿಮ್ಮ ಕಚೇರಿಯಲ್ಲಿ ಇರುವಂತೆ ನೋಡಿ. ಇದರಲ್ಲಿ ಒಂದು ಎಚ್ಚರ ಬೇಕು. ಈ ಪುಟಗಳನ್ನು ಎಲ್ಲರೂ ನೋಡುವಂತೆ ಅಂತರ್ಜಾಲದಲ್ಲಿ ಹಾಕಬಾರದು. ತಾಯಿಯ ಹೆಸರಿನ ಸಾಲುಗಳು, ಮದುವೆಯ ಸಾಲುಗಳು ಆ ಹೆಣ್ಣುಮಕ್ಕಳ ಸ್ವಂತದ್ದು. ಅವರು ಕೇಳಿದಾಗ ಅವರಿಗೆ ಮಾತ್ರ ಸಿಗಬೇಕು.

ಎಲ್ಲಕ್ಕಿಂತ ಮುಖ್ಯವಾಗಿ, ಹುಡುಕದೆ ‘ದಾಖಲೆ ಲಭ್ಯವಿಲ್ಲ’ ಎಂದು ಬರೆದುಕೊಡುವುದು ನಿಲ್ಲಬೇಕು. ಅಂಥ ಹಿಂಬರಹ ಕೊಡುವ ಮೊದಲು ಯಾವ ವರ್ಷದಿಂದ ಯಾವ ವರ್ಷದವರೆಗಿನ ರಿಜಿಸ್ಟರ್ ನೋಡಲಾಯಿತು ಎಂದು ಬರೆದು, ಮುಖ್ಯಶಿಕ್ಷಕರ ಜತೆ ಎಸ್‌ಡಿಎಂಸಿಯ ಒಬ್ಬ ಸದಸ್ಯರೂ ಸಹಿ ಮಾಡಬೇಕು ಎಂದು ನಿಮ್ಮ ಕಚೇರಿಯಿಂದ ಒಂದು ಸುತ್ತೋಲೆ ಹೊರಡಿಸಿ. ಖರ್ಚಿಲ್ಲದ ಕೆಲಸ ಇದು. ಮಕ್ಕಳಿಲ್ಲದೆ ಮುಚ್ಚಿದ, ಬೇರೆ ಶಾಲೆಗೆ ಸೇರಿಸಿದ ಶಾಲೆಗಳು ತಾಲ್ಲೂಕಿನಲ್ಲಿ ಇವೆ. ಅವುಗಳ ರಿಜಿಸ್ಟರ್ ಈಗ ಯಾವ ಶಾಲೆಯಲ್ಲಿದೆ ಎಂಬ ಪಟ್ಟಿಯನ್ನು ನಿಮ್ಮ ಕಚೇರಿಯ ಫಲಕದಲ್ಲಿ ಹಾಕಿಸಿ. ಶಾಲೆಯೇ ಇಲ್ಲದ ಊರಿನ ಮುದುಕಿ ಎಲ್ಲಿಗೆ ಹೋಗಿ ಕೇಳಬೇಕು ಎಂದು ಅವಳಿಗೆ ತಿಳಿಯಬೇಕು.

ಹಳೆಯ ವಿದ್ಯಾರ್ಥಿಗಳೇ, ಅಣ್ಣಂದಿರೇ, ಅಕ್ಕಂದಿರೇ, ನಿಮ್ಮಲ್ಲಿ ನಾನು ಕೇಳುವುದು ಬೇರೆ. ಕಮಾನಿಗೆ ಕೂಡಿಸಿದ ಹಣವನ್ನು ಇದಕ್ಕೆ ಕೊಡಿ. ಅಜ್ಜಿ ಬದುಕಿದ್ದಾಗ ಸನ್ಮಾನಕ್ಕೆ ಕರೆದರೆ ಶಾಲು ಬೇಡ, ಆ ದುಡ್ಡಿನಲ್ಲಿ ಪಾಟಿ ತನ್ನಿ ಎನ್ನುತ್ತಿದ್ದದ್ದು ನಿಮಗೆ ಗೊತ್ತು. ಅವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವ ಮೊದಲು ಅವರು ಬರೆದ ನಿಮ್ಮ ಹೆಸರುಗಳನ್ನು ಉಳಿಸೋಣ. ಕಪಾಟಿನ ಖರ್ಚು ನಮ್ಮ ಮನೆಯವರು ಕೊಡುತ್ತೇವೆ. ಅಜ್ಜಿಯ ಕೊನೆಯ ತಿಂಗಳ ಪಿಂಚಣಿ ಅದಕ್ಕೆಂದೇ ತೆಗೆದಿಟ್ಟಿದ್ದೇವೆ. ಸ್ಕ್ಯಾನ್ ಮಾಡುವ ಕೆಲಸಕ್ಕೆ ನಮ್ಮೂರಿನ ಡಿಗ್ರಿ ಓದುವ ಕೆಲವು ಹುಡುಗ ಹುಡುಗಿಯರು ರಜೆಯಲ್ಲಿ ಬರುತ್ತೇವೆ ಎಂದು ಒಪ್ಪಿದ್ದಾರೆ. ರಿಜಿಸ್ಟರ್ ಶಾಲೆಯಿಂದ ಹೊರಗೆ ಹೋಗುವುದು ಬೇಡ. ಮುಖ್ಯಶಿಕ್ಷಕರ ಎದುರಿಗೇ, ಶಾಲೆಯ ಕೋಣೆಯಲ್ಲೇ ಮಾಡೋಣ.

ಮಾನ್ಯ ಅಧಿಕಾರಿಗಳೇ, ಇದಕ್ಕೆ ನಿಮ್ಮ ಲಿಖಿತ ಅನುಮತಿ ಬೇಕು. ಮುಂಗಾರು ಶುರುವಾಗುವ ಮೊದಲು ಸಿಕ್ಕರೆ ಕೆಲಸ ಆಗುತ್ತದೆ. ಆ ಹಿರಿಯ ಹೆಣ್ಣುಮಗಳಿಗೆ ಕೊಟ್ಟ ‘ಲಭ್ಯವಿಲ್ಲ’ ಎಂಬ ಹಿಂಬರಹವನ್ನು ರದ್ದು ಮಾಡಿ, ಸರಿಯಾದ ದಾಖಲೆಯನ್ನು ಅವರ ಕೈಗೆ ಕೊಡಿಸಬೇಕು ಎಂದೂ ಕೇಳಿಕೊಳ್ಳುತ್ತೇನೆ. ಅವರ ಹೆಸರಿರುವ ಪುಟದ ಸಂಖ್ಯೆ ಅರ್ಜಿಯಲ್ಲಿ ಬರೆದಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಅಕ್ಕೋರ ಮಗಳ ಮಗಳು